ಸಾಗುವಾನಿ ಎಲೆಯ ನಾಣ್ಯ

ಮುಂಬೈಯಲ್ಲಿರುವ ನನ್ನ ಮಗಳ ಮಗಳು ಪ್ರತಿ ಬೇಸಗೆ ರಜೆಗೆ ಶಿಕಾರಿಪುರಕ್ಕೆ ಬರುತ್ತಾಳೆ. ಆರನೆಯ ತರಗತಿ ಮುಗಿಸಿ ಏಳಕ್ಕೆ ಕಾಲಿಟ್ಟವಳು. ಈ ಸಲ ಬಸ್ಸಿನಿಂದ ಇಳಿದವಳ ಕೈಯಲ್ಲಿ ಒಂದು ದೊಡ್ಡ ಡ್ರಾಯಿಂಗ್ ಪುಸ್ತಕ ಇತ್ತು. ಕೈಕಾಲು ತೊಳೆದು, ದೋಸೆ ತಿಂದು ಮುಗಿಸುವ ಮೊದಲೇ ಅದನ್ನು ನನ್ನ ಮುಂದೆ ಬಿಚ್ಚಿಟ್ಟಳು.

"ಅಜ್ಜ, ಶಾಲೆಯಲ್ಲಿ ರಜೆಯ ಕೆಲಸ ಕೊಟ್ಟಿದ್ದಾರೆ. ಒಂದು ದ್ವೀಪದಲ್ಲಿ ಹಡಗು ಕಟ್ಟುತ್ತಿದ್ದವರ ನೆನಪಿಗೆ ಒಂದು ನಾಣ್ಯ ಬಿಡಿಸಬೇಕು. ಎರಡೂ ಮುಖ ಬಿಡಿಸಬೇಕು. ನಾನು ನಮ್ಮ ಮುಂಬೈಯನ್ನೇ ತೆಗೆದುಕೊಂಡಿದ್ದೇನೆ."

"ಮುಂಬೈ ದ್ವೀಪವೇನೇ ಪುಟ್ಟಿ?" ಎಂದೆ, ಗೊತ್ತಿದ್ದೂ.

"ಮೊದಲು ಏಳು ದ್ವೀಪ ಇತ್ತು. ಮಧ್ಯದ ನೀರಿಗೆ ಮಣ್ಣು ತುಂಬಿ ಒಂದು ಮಾಡಿದರು" ಎಂದು ನನಗೇ ಪಾಠ ಹೇಳಿದಳು. ಸೂರತ್‌ನಲ್ಲಿ ಹಡಗು ಕಟ್ಟುತ್ತಿದ್ದ ಲವ್‌ಜಿ ನಸರ್ವಾನ್‌ಜಿ ವಾಡಿಯಾ ಎಂಬ ಪಾರ್ಸಿ ಬಡಗಿಯನ್ನು 1736ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಮುಂಬೈಗೆ ಕರೆಸಿಕೊಂಡರಂತೆ. 1750ರಲ್ಲಿ ಅಲ್ಲಿ ಹಡಗನ್ನು ಒಣನೆಲದ ಮೇಲೆ ನಿಲ್ಲಿಸಿ ರಿಪೇರಿ ಮಾಡುವ ಕಟ್ಟೆ ತಯಾರಾಯಿತು. ಮುಂದೆ ಅವರ ಮಕ್ಕಳು, ಮೊಮ್ಮಕ್ಕಳು ಕಟ್ಟಿದ ಹಡಗುಗಳು ಲೋಕವನ್ನೇ ಸುತ್ತಿದವು. ಅವರ ಕಾರ್ನ್‌ವಾಲಿಸ್ ಎಂಬ ಹಡಗಿನ ಮೇಲೆಯೇ 1842ರಲ್ಲಿ ಬ್ರಿಟಿಷರೂ ಚೀನಾದವರೂ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಹಾಕಿದರು. 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್ ಎಂಬ ಊರಿನಲ್ಲಿ ಇವತ್ತಿಗೂ ನೀರಿನ ಮೇಲೆ ನಿಂತಿದೆ. ಇನ್ನೂರು ವರ್ಷ ದಾಟಿದ ಮರದ ಹಡಗು!

ಪುಸ್ತಕದಲ್ಲಿ ಅವಳು ಬಿಡಿಸಿದ್ದನ್ನು ನೋಡಿದೆ. ದುಂಡಗಿನ ಒಂದು ಗೆರೆಯ ಒಳಗೆ ಹಡಗು, ಹಡಗಿನ ಮೇಲೆ ಹನ್ನೆರಡು ಹಾಯಿ, ಕೆಳಗೆ ಅಲೆ, ಅಲೆಯಲ್ಲಿ ಮೀನು, ದಡದಲ್ಲಿ ಗೇಟ್‌ವೇ ಆಫ್ ಇಂಡಿಯಾ, ಮೇಲೆ ಸೂರ್ಯ, ಪಕ್ಕದಲ್ಲಿ ಪಾರ್ಸಿ ಟೊಪ್ಪಿಗೆಯ ವಾಡಿಯಾ. ನಾಣ್ಯದಲ್ಲಿ ಉಸಿರಾಡಲು ಜಾಗವಿರಲಿಲ್ಲ.

"ಏನೋ ಸರಿಯಾಗಿಲ್ಲ ಅಜ್ಜ. ಏನು ಅಂತ ಗೊತ್ತಾಗುತ್ತಿಲ್ಲ" ಎಂದಳು.

ನಾನು ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವನು. ಆದರೆ ನಮ್ಮೂರಿಗೆ ಸಮುದ್ರವಿಲ್ಲ. ಇಲ್ಲಿರುವುದು ಕುಮುದ್ವತಿ ಹೊಳೆ, ಹುಚ್ಚರಾಯಸ್ವಾಮಿ ದೇವಸ್ಥಾನ, ಕೆರೆಗಳು, ಗದ್ದೆ. ಹಡಗಿನ ವಿಷಯದಲ್ಲಿ ನಾನೇನು ಹೇಳಲಿ? ನಾಣ್ಯದ ವಿಷಯವಾದರೆ ಸ್ವಲ್ಪ ಹೇಳಬಹುದು. ಜೇಬಿನಿಂದ ಒಂದು ಇಪ್ಪತ್ತು ರೂಪಾಯಿ ನಾಣ್ಯ ತೆಗೆದು ಕಣ್ಣುಮುಚ್ಚಿ ಹಿಡಿದುಕೋ ಎಂದೆ. ಅವಳು ಬೆರಳಾಡಿಸಿ, "ದುಂಡಗಿಲ್ಲ, ಮೂಲೆ ಮೂಲೆ ಇದೆ" ಎಂದಳು. ಎಣಿಸಿದರೆ ಹನ್ನೆರಡು ಅಂಚು. ಕಣ್ಣು ಕಾಣದವರಿಗೂ ಬೆರಳಿಗೇ ಗುರುತು ಸಿಗಲಿ ಎಂದು 2019ರಲ್ಲಿ ಹೊರತಂದ ನಾಣ್ಯಗಳ ಸಾಲಿನಲ್ಲಿ ಇದೂ ಒಂದು. ಅಡ್ಡಳತೆ 27 ಮಿಲಿಮೀಟರ್ ಅಷ್ಟೇ.

"ನಿನ್ನ ಸೂರ್ಯ, ಮೀನು, ಗೇಟ್‌ವೇ, ವಾಡಿಯಾ, ಎಲ್ಲರೂ ಇಷ್ಟರೊಳಗೆ ಕೂರಬೇಕು" ಎಂದೆ. ಅವಳ ಮುಖ ಸಣ್ಣದಾಯಿತು.

ವರ್ಷದ ಅಂಕಿಯ ಕೆಳಗೆ ಏನಿದೆ ನೋಡು ಎಂದೆ. ಮುಂಬೈ ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯಕ್ಕೆ ವಜ್ರದಾಕಾರದ ಗುರುತು, ಹೈದರಾಬಾದಿನದಕ್ಕೆ ನಕ್ಷತ್ರ, ನೋಯ್ಡಾದ್ದಕ್ಕೆ ಚುಕ್ಕಿ. ಕೋಲ್ಕತ್ತದ್ದಕ್ಕೆ ಗುರುತೇ ಇಲ್ಲ. ಅವಳು ಮನೆಯ ಡಬ್ಬಿಯ ಚಿಲ್ಲರೆಯನ್ನೆಲ್ಲ ಚಾಪೆಯ ಮೇಲೆ ಸುರಿದು ಊರೂರಿನ ಗುಂಪು ಮಾಡಿದಳು. ಆಮೇಲೆ ತಲೆ ಎತ್ತದೆ ಕೇಳಿದಳು:

"ಅಜ್ಜ, ನೀನು ಯಾವತ್ತಾದರೂ ತುಂಬ ಹಳೆಯ ನಾಣ್ಯ ನೋಡಿದ್ದೀಯ? ರಾಜರ ಕಾಲದ್ದು?"

ನಾನು ಉತ್ತರ ಹೇಳಲಿಲ್ಲ. "ನಾಳೆ ತಾಳಗುಂದಕ್ಕೆ ಹೋಗೋಣ" ಎಂದು ಮಾತು ತಿರುಗಿಸಿದೆ. ಯಾಕೆ ತಿರುಗಿಸಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಬೆಳಗಿನ ಬಸ್ಸಿನಲ್ಲಿ ಶಿರಾಳಕೊಪ್ಪಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದೆವು. ತಾಳಗುಂದ ಶಿಕಾರಿಪುರ ತಾಲ್ಲೂಕಿನದೇ ಸಣ್ಣ ಊರು. ಪ್ರಣವೇಶ್ವರ ದೇವಸ್ಥಾನದ ಮುಂದೆ ಎಂಟು ಮುಖದ ಕಲ್ಲುಕಂಬ ನಿಂತಿದೆ. ಅಕ್ಷರಗಳ ತಲೆಯ ಮೇಲೆ ಸಣ್ಣ ಸಣ್ಣ ಪೆಟ್ಟಿಗೆ ಇಟ್ಟಂತೆ ಕಾಣುತ್ತದೆ. ಭಾಷೆ ಸಂಸ್ಕೃತ, ಬರೆದ ಕವಿ ಕುಬ್ಜ, ಕಾಲ ಐದನೆಯ ಶತಮಾನ, ಕದಂಬ ದೊರೆ ಶಾಂತಿವರ್ಮನ ಆಳ್ವಿಕೆ.

ಕಂಬ ಹೇಳುವ ಕತೆ ಇದು. ಮಯೂರಶರ್ಮ ಎಂಬ ಹುಡುಗ ಓದಲು ಕಂಚಿಗೆ ಹೋದ, ಜೊತೆಗೆ ಗುರು ವೀರಶರ್ಮ. ವೀರಶರ್ಮ ಅವನ ಅಜ್ಜನೂ ಆಗಿದ್ದ ಎನ್ನುತ್ತಾರೆ. ಕಂಚಿಯಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಯಿತು. ಅವಮಾನವಾಯಿತು. ದರ್ಭೆ ಹಿಡಿಯುವ ಕೈ ಕತ್ತಿ ಹಿಡಿಯಿತು. ಕದಂಬರ ರಾಜ್ಯ ಹುಟ್ಟಿತು.

"ಅಜ್ಜನೂ ಮೊಮ್ಮಗನೂ ಸೇರಿ ಹೋಗಿದ್ದರಾ? ನಮ್ಮ ಹಾಗೆ!" ಎಂದು ಅವಳಿಗೆ ಖುಷಿಯಾಯಿತು.

"ಇಲ್ಲೇ ನಿನ್ನ ಹಡಗೂ ಇದೆ" ಎಂದೆ. ಅವಳು ಕಂಬದ ಸುತ್ತ ಹುಡುಕಿದಳು. ಕಣ್ಣಿಗೆ ಕಾಣುವ ಹಡಗಲ್ಲ ಅದು. ಈ ದೇವಸ್ಥಾನದಲ್ಲಿ ಹಿಂದೆ ಸಾತಕರ್ಣಿ ಮೊದಲಾದ ದೊರೆಗಳು ಪೂಜೆ ಮಾಡಿದ್ದರು ಎಂದು ಕಂಬ ಹೇಳುತ್ತದೆ. ಸಾತಕರ್ಣಿ ಎಂಬ ಹೆಸರನ್ನು ಇಟ್ಟುಕೊಂಡವರು ಹಲವರು. ಇದೇ ತಾಲ್ಲೂಕಿನ ಮಳವಳ್ಳಿಯ ಕಂಬದಲ್ಲೂ ಒಬ್ಬ ಸಾತಕರ್ಣಿ ಬರುತ್ತಾನೆ. ಅದೇ ಹೆಸರಿನ ಇನ್ನೊಬ್ಬ ದೊರೆ ಶಾತವಾಹನರ ಯಜ್ಞಶ್ರೀ ಸಾತಕರ್ಣಿ, ಎರಡನೆಯ ಶತಮಾನದ ಕೊನೆಯ ಹೊತ್ತಿನವನು. ಅವನು ಅಚ್ಚು ಹಾಕಿಸಿದ ನಾಣ್ಯಗಳಲ್ಲಿ ಹಡಗಿನ ಚಿತ್ರವಿದೆ. ಚಿನ್ನದ್ದಲ್ಲ, ಸೀಸದ್ದು. ಆಂಧ್ರ, ತಮಿಳುನಾಡಿನ ಕರಾವಳಿಯಲ್ಲಿ ಅವು ಸಿಕ್ಕಿವೆ. ಮಯೂರ ಜಗಳವಾಡಿದ ಪಲ್ಲವರ ಕೆಲವು ನಾಣ್ಯಗಳಲ್ಲೂ ಹಡಗಿದೆ.

ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಬಾಳೆಹಣ್ಣಿನಂತೆ ಬಾಗಿದ ಒಂದು ಗೆರೆ, ಅದರ ಮೇಲೆ ನೆಟ್ಟಗೆ ಎರಡು ಕಂಬ, ಪಕ್ಕದಲ್ಲಿ ಹುಟ್ಟು. ಅಷ್ಟೇ.

"ಹಾಯಿಯೇ ಇಲ್ಲ. ಆದರೂ ಹಡಗು ಅಂತ ಗೊತ್ತಾಗುತ್ತದೆ" ಎಂದಳು. ತನ್ನ ಪುಸ್ತಕ ತೆಗೆದು ಹನ್ನೆರಡು ಹಾಯಿಯಲ್ಲಿ ಹತ್ತನ್ನು ರಬ್ಬರಿನಿಂದ ಅಳಿಸಿದಳು.

ಇದೇ ದೇವಸ್ಥಾನದಲ್ಲಿ ಪುರಾತತ್ವ ಇಲಾಖೆಯವರು 2013ರ ಸುಮಾರಿಗೆ ಅಗೆದಾಗ ಮೆಟ್ಟಿಲಿನ ಪಕ್ಕದ ಸಿಂಹದ ಕಟಾಂಜನ ಸಿಕ್ಕಿತು. ಅದರ ಮೇಲೆ ಸಂಸ್ಕೃತ, ಕನ್ನಡ ಎರಡೂ ಇರುವ ಬರಹವಿದೆ. ಅದು ಸುಮಾರು ಕ್ರಿ.ಶ. 370ರದು, ಹಲ್ಮಿಡಿ ಶಾಸನಕ್ಕಿಂತ ಹಳೆಯದು ಎಂದು ಇಲಾಖೆಯವರ ಅಂದಾಜು. ಸಿಂಹ ಎಂದ ಕೂಡಲೇ ನನಗೆ ಇನ್ನೊಂದು ನಾಣ್ಯ ನೆನಪಾಯಿತು. ಕದಂಬರ ಒಂದು ಶಾಖೆ ಮುಂದೆ ಗೋವೆಯಲ್ಲಿ ಆಳಿತು. ಅವರದು ಸಮುದ್ರದ ರಾಜ್ಯ, ಬಂದರಿನ ರಾಜಧಾನಿ, ಹಡಗಿನ ವ್ಯಾಪಾರ. ಆದರೆ ಅವರ ಚಿನ್ನದ ನಾಣ್ಯದ ಮೇಲೆ ಇರುವುದು ಹಡಗಲ್ಲ, ಸಿಂಹ. ಇನ್ನೊಂದು ಮುಖದಲ್ಲಿ ಸಪ್ತಕೋಟೀಶ್ವರನ ವರದಿಂದ ಆಳುವವನು ಎಂಬ ಅರ್ಥದ ಅಕ್ಷರಗಳು. ಆ ಸಪ್ತಕೋಟೀಶ್ವರನ ಗುಡಿ ಆಗ ಇದ್ದದ್ದು ಮಾಂಡೋವಿ ನದಿಯ ನಡುವಿನ ದಿವಾಡಿ ದ್ವೀಪದಲ್ಲಿ!

"ಹಡಗಿನಿಂದ ದುಡ್ಡು ಮಾಡಿ ನಾಣ್ಯದ ಮೇಲೆ ಸಿಂಹ ಹಾಕಿದರಾ?" ಎಂದು ಅವಳಿಗೆ ಸ್ವಲ್ಪ ಸಿಟ್ಟೇ ಬಂತು.

"ಸಿಂಹ ಅವರ ಮನೆತನದ ಗುರುತು. ನಾವು ಯಾರು ಎಂದು ನಾಲ್ಕು ಜನಕ್ಕೆ ಹೇಳಬೇಕಾದಾಗ ಅವರು ಅದನ್ನು ಆರಿಸಿಕೊಂಡರು. ನಾಣ್ಯದಲ್ಲಿ ಎಲ್ಲ ಹೇಳುವುದಕ್ಕೆ ಜಾಗ ಇಲ್ಲ ನೋಡು. ಒಂದನ್ನೇ ಹೇಳಬೇಕು."

ಇವತ್ತಿನ ದ್ವೀಪಗಳವರು ಏನು ಆರಿಸಿಕೊಂಡಿದ್ದಾರೆ ಎಂದೂ ಸಂಜೆ ಹುಡುಕಿದೆವು. ಅಮೆರಿಕದ ಕಡೆಯ ಬಹಾಮಾಸ್ ದ್ವೀಪಗಳ 25 ಸೆಂಟಿನ ನಾಣ್ಯದ ಮೇಲೆ ಅಲ್ಲಿನವರೇ ಕಟ್ಟುವ ಒಂದೇ ಕಂಬದ ಹಾಯಿದೋಣಿ ಇದೆ. ಕೇಮನ್ ದ್ವೀಪಗಳ 25 ಸೆಂಟಿನಲ್ಲಿ ಎರಡು ಕಂಬದ ಹಾಯಿಹಡಗು. ಅಲ್ಲೂ ಸೂರ್ಯ, ಮೀನು, ಟೊಪ್ಪಿಗೆ ಏನೂ ಇಲ್ಲ.

ಎರಡು ದಿನ ಬಿಟ್ಟು ಸೊರಬಕ್ಕೆ ಹೊರಟೆವು. ದಂಡಾವತಿ ಹೊಳೆಯ ಊರು ಸೊರಬ. ಇಲ್ಲಿಯ ಗುಡಿಗಾರರ ಕೈಕೆಲಸ ಬಹಳ ದೂರದವರೆಗೆ ಹೆಸರಾದದ್ದು. ಗಂಧದ ಮರದಲ್ಲಿ ಪೆಟ್ಟಿಗೆ, ದೇವರು, ಬಳ್ಳಿ, ಆನೆ, ಎಲ್ಲವನ್ನೂ ಉಗುರಿನಷ್ಟು ಜಾಗದಲ್ಲಿ ಎಬ್ಬಿಸುವವರು. ನನ್ನ ಹಳೆಯ ಪರಿಚಯದ ಒಬ್ಬ ಗುಡಿಗಾರರ ಮನೆ ಇದೆ. ಜಗಲಿಯಲ್ಲಿ ಕುಳಿತು ಶಿವನಿ ಮರದ ಗಣಪತಿಗೆ ಕಿವಿ ಬಿಡಿಸುತ್ತಿದ್ದರು.

"ಬನ್ನಿ ಮೇಷ್ಟ್ರೇ. ಮೊಮ್ಮಗಳಾ?" ಎಂದು ಚಾಪೆ ಹಾಸಿದರು. ಪುಸ್ತಕ ನೋಡಿ ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಗೆರೆ ಗೆರೆಯನ್ನೂ ನೋಡಿದರು.

"ಚೆನ್ನಾಗಿ ಬಿಡಿಸಿದ್ದೀಯ ಮಗಾ. ಆದರೆ ಇದು ಕಾಗದದ ಚಿತ್ರ. ನಾಣ್ಯ ಅಂದರೆ ಅಚ್ಚು. ಅಚ್ಚು ಹೇಗಿರುತ್ತದೆ ಗೊತ್ತಾ?" ಎಂದವರು ಒಳಗೆ ಹೋಗಿ ಒಂದು ಹಳೆಯ ಮರದ ತುಂಡು ತಂದರು. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಲಗೆ. ಅದರಲ್ಲಿ ಒಂದು ಗಿಳಿ, ಆದರೆ ಗಿಳಿ ಗುಂಡಿಯಾಗಿತ್ತು. ಹೊಟ್ಟೆ ಎಲ್ಲಿ ಉಬ್ಬಬೇಕೋ ಅಲ್ಲಿ ಹಳ್ಳ. ಅವರ ಮನೆಯವರು ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಒಂದು ಉಂಡೆ ತಂದುಕೊಟ್ಟರು. ಅಚ್ಚಿನೊಳಗೆ ಒತ್ತಿ ಮೆಲ್ಲಗೆ ಬಿಡಿಸಿದರೆ ಉಬ್ಬಿದ ಹೊಟ್ಟೆಯ ಗಿಳಿ ಕೈಗೆ ಬಂತು. ಅಚ್ಚಿನಲ್ಲಿ ಎಡಕ್ಕೆ ನೋಡುತ್ತಿದ್ದ ಗಿಳಿ ಈಗ ಬಲಕ್ಕೆ ನೋಡುತ್ತಿತ್ತು.

"ಉಲ್ಟಾ ಆಯಿತು!"

"ಹಾಂ. ನಾಣ್ಯ ಮಾಡುವವನು ಎಲ್ಲವನ್ನೂ ಉಲ್ಟಾ ಯೋಚನೆ ಮಾಡಬೇಕು. ಎದ್ದು ಕಾಣಬೇಕಾದದ್ದನ್ನು ಆಳಕ್ಕೆ ತೋಡಬೇಕು. ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಕೊರೆಯಬೇಕು."

ಒಂದು ಸ್ನಾನದ ಸೋಪನ್ನು ತರಿಸಿ, ಮೊಂಡು ಉಳಿಯೊಂದನ್ನು ಕೊಟ್ಟು, ಕೊರೆ ಎಂದರು. ಅವಳು ಬಾಗಿದ ಗೆರೆ, ಎರಡು ಕಂಬ, ಎರಡು ಹಾಯಿ ಕೊರೆದಳು. ಕೆಳಗೆ "ಮುಂಬೈ" ಎಂದು ಬರೆದಳು. ಹಿಟ್ಟಿಗೆ ಒತ್ತಿದಾಗ ಹಡಗು ಬಂತು, ಊರಿನ ಹೆಸರು ಹಿಂದುಮುಂದಾಗಿ ಯಾರಿಗೂ ಓದಲಾಗದಂತೆ ಬಂತು. ನಾವೆಲ್ಲ ನಕ್ಕೆವು. ಅವಳೂ ನಕ್ಕಳು. ಎರಡನೆಯ ಸಲ ಸರಿಯಾಯಿತು. ಆದರೆ ತೆಳ್ಳಗೆ ಗೀರಿದ ಹಗ್ಗಗಳು ಒಂದೂ ಹಿಟ್ಟಿನಲ್ಲಿ ಮೂಡಲಿಲ್ಲ.

"ಕೈಯಿಂದ ಕೈಗೆ ಹೋಗಿ ಸವೆಯುವ ವಸ್ತು ಇದು" ಎಂದರು ಗುಡಿಗಾರರು. "ಸವೆದ ಮೇಲೂ ಏನು ಉಳಿಯಬೇಕೋ ಅದನ್ನು ಮಾತ್ರ ಕೊರೆ. ಉಳಿ ಇಡುವ ಮೊದಲು ವಸ್ತುವನ್ನು ನೋಡು. ನಾವು ಹಕ್ಕಿ ಕೆತ್ತುವ ಮೊದಲು ನಾಲ್ಕು ದಿನ ಹಕ್ಕಿ ನೋಡುತ್ತೇವೆ."

ಒಂದು ಮುಖಕ್ಕೆ ಹಡಗು ಆಯಿತು. ಇನ್ನೊಂದು ಮುಖಕ್ಕೆ ಏನು? ಅವಳು ಅದನ್ನೇ ಯೋಚಿಸುತ್ತ ಕೇಳಿದಳು: "ಆ ಹಡಗು ಇನ್ನೂರು ವರ್ಷ ಹೇಗೆ ಉಳಿಯಿತು?"

"ಯಾವ ಮರ?" ಎಂದರು ಅವರು, ತಟ್ಟನೆ.

"ಟೀಕ್."

"ಸಾಗುವಾನಿ! ಮತ್ತೆ ಉಳಿಯದೆ ಇರುತ್ತದಾ?" ಎಂದು ಅವರು ಗೋಡೆಗೆ ಒರಗಿಸಿದ್ದ ಒಂದು ತುಂಡನ್ನು ಅವಳ ಮೂಗಿನ ಹತ್ತಿರ ಹಿಡಿದರು. ಸಾಗುವಾನಿಯ ಒಳಗೇ ಎಣ್ಣೆಯಂಶವಿದೆ. ಗೆದ್ದಲು ಸುಲಭವಾಗಿ ಹತ್ತುವುದಿಲ್ಲ, ನೀರಿಗೆ ಬೇಗ ಕೊಳೆಯುವುದಿಲ್ಲ. ಇಂಗ್ಲೆಂಡಿನವರ ಓಕ್ ಮರ ತನ್ನೊಳಗೆ ಹೊಡೆದ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ. ಸಾಗುವಾನಿ ಕಾಪಾಡುತ್ತದೆ. ನೆಪೋಲಿಯನ್ ಕಾಲದ ಯುದ್ಧಗಳಿಂದ ಅವರಲ್ಲಿ ಒಳ್ಳೆಯ ಓಕ್ ಮರ ಸಾಲದಾಗಿತ್ತು. ಅದಕ್ಕೇ ಮುಂಬೈಯಲ್ಲಿ ಹಡಗು ಕಟ್ಟಿಸಿದರು. ಟ್ರಿಂಕೋಮಲಿಗೆ ಮರ ಬಂದದ್ದು ಮಲಬಾರಿನ ಕಾಡಿನಿಂದ, ನಮ್ಮದೇ ಪಶ್ಚಿಮ ಘಟ್ಟದ ಸಾಲಿನಿಂದ.

"ಹಾಗಾದರೆ ಮುಂಬೈಯ ಹಡಗು ಮುಂಬೈಯಲ್ಲಿ ಹುಟ್ಟಲಿಲ್ಲ, ಕಾಡಿನಲ್ಲಿ ಹುಟ್ಟಿತು" ಎಂದಳು ಮೊಮ್ಮಗಳು.

ಗುಡಿಗಾರರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು, ಈಚೆಗೆ ನಾನು. "ವಸ್ತುವನ್ನು ಮೊದಲು ನೋಡು" ಎಂಬ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಮೊನ್ನೆ ತಿರುಗಿಸಿದ ಮಾತನ್ನು ಈಗ ಹೇಳಿಯೇಬಿಟ್ಟೆ.

ನನಗೆ ಹತ್ತು ವರ್ಷ. ನಮ್ಮ ಹಳ್ಳಿಯ ಕೆರೆ ಬತ್ತಿತ್ತು. ಹೂಳು ತೆಗೆಯುತ್ತಿದ್ದರು. ದೊಡ್ಡವರ ಜೊತೆ ನಾನೂ ಬುಟ್ಟಿ ಹೊರುತ್ತಿದ್ದೆ. ಮಣ್ಣಿನಲ್ಲಿ ಏನೋ ಹೊಳೆಯಿತು. ಹೆಕ್ಕಿದೆ. ಬಟ್ಟಲಿನ ಹಾಗೆ ಸ್ವಲ್ಪ ಕುಳಿಯಾದ, ತೆಳ್ಳನೆಯ, ಹಳದಿ ಬಿಲ್ಲೆ. ಚಡ್ಡಿ ಜೇಬಿಗೆ ಹಾಕಿಕೊಂಡು ಓಡಿಬಂದು ಅಪ್ಪನಿಗೆ ಕೊಟ್ಟೆ. ಆ ವರ್ಷ ಮಳೆ ಕೈಕೊಟ್ಟಿತ್ತು, ಅಕ್ಕನ ಮದುವೆ ಗೊತ್ತಾಗಿತ್ತು. ಅಪ್ಪ ಯಾರಿಗೂ ಹೇಳಲಿಲ್ಲ. ಅದು ಕರಗಿ ಅಕ್ಕನ ಮೂಗುಬೊಟ್ಟಾಯಿತು.

"ಅದರ ಮೇಲೆ ಏನಿತ್ತು ಅಜ್ಜ?"

ಅವಳು ಕೇಳುತ್ತಾಳೆಂದು ಗೊತ್ತಿತ್ತು. ಅರವತ್ತು ವರ್ಷದಿಂದ ನಾನೇ ಕೇಳಿಕೊಳ್ಳುತ್ತಿರುವ ಪ್ರಶ್ನೆ ಅದು. ಕದಂಬರದು ಎಂದು ಹೇಳುವ ಪದ್ಮಟಂಕ ಎಂಬ ಚಿನ್ನದ ನಾಣ್ಯ ಹಾಗೇ ಬಟ್ಟಲಿನಂತೆ ಇರುತ್ತದೆ. ಒಂದೇ ಕಡೆಯಿಂದ ಅಚ್ಚು ಹೊಡೆದು ಹೊಡೆದು ಬಾಗಿದ್ದು. ನಡುವೆ ತಾವರೆ. ದೊಡ್ಡವನಾದ ಮೇಲೆ ಪುಸ್ತಕದಲ್ಲಿ ಆ ಚಿತ್ರ ನೋಡಿದ ದಿನ ಊಟ ಸೇರಲಿಲ್ಲ. ನನ್ನ ಬಿಲ್ಲೆಯ ನಡುವೆ ಏನೋ ಇತ್ತು. ಹೂವೋ, ಚಕ್ರವೋ? ಗೊತ್ತಿಲ್ಲ. ಕೈಯಲ್ಲಿ ಹಿಡಿದಿದ್ದೆ, ಹೊಳಪು ನೋಡಿದೆ, ಚಿತ್ರ ನೋಡಲಿಲ್ಲ.

"ಗೊತ್ತಿಲ್ಲ ಪುಟ್ಟಿ" ಎಂದೆ.

ಅವಳು ನನ್ನನ್ನು ಬೈಯಲಿಲ್ಲ. ಅಪ್ಪನನ್ನೂ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ದೊಡ್ಡಜ್ಜಿ ಈಗಲೂ ಆ ಮೂಗುಬೊಟ್ಟು ಹಾಕಿಕೊಳ್ಳುತ್ತಾರಾ?" ಎಂದಳು. ಹೌದು ಎಂದೆ. ಮತ್ತೆ ಸುಮ್ಮನಾದಳು.

ಅಪ್ಪನ ಕಷ್ಟ ನನಗೆ ಅರ್ಥವಾಗುತ್ತದೆ. ಚಿನ್ನ ಎಲ್ಲಿಗೂ ಹೋಗಲಿಲ್ಲ, ಮನೆಯಲ್ಲೇ ಇದೆ. ಹೋದದ್ದು ಅದರ ಮೇಲಿದ್ದ ಮಾತು. ಯಾರೋ ಒಬ್ಬ ಅಚ್ಚಿನವನು, ನಾವು ಯಾರು ಎಂದು ಹೇಳಲು, ಒಂದೇ ಒಂದನ್ನು ಆರಿಸಿ ಉಲ್ಟಾ ಕೊರೆದಿದ್ದ. ಸಾವಿರ ವರ್ಷ ಮಣ್ಣಿನಲ್ಲಿ ಉಳಿದದ್ದು ನನ್ನ ಕೈಗೆ ಬಂದು ಒಂದು ವಾರ ಉಳಿಯಲಿಲ್ಲ. ನೆಲದಲ್ಲಿ ಸಿಕ್ಕ ಹಳೆಯ ನಾಣ್ಯವನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು ಇದೆ ಎಂಬುದೂ ನಮಗೆ ಆಗ ಗೊತ್ತಿರಲಿಲ್ಲ. ಈಗ ಇದನ್ನು ಓದುತ್ತಿರುವ ಮಕ್ಕಳಿಗೆ ಗೊತ್ತಿರಲಿ. ಹೊಲದಲ್ಲೋ ಕೆರೆಯಲ್ಲೋ ಅಂಥದ್ದು ಸಿಕ್ಕರೆ ಉಜ್ಜಿ ತೊಳೆಯಬೇಡಿ. ಮೊದಲು ಎರಡೂ ಮುಖ ನೋಡಿ, ಸಿಕ್ಕ ಜಾಗವನ್ನು ನೆನಪಿಟ್ಟುಕೊಳ್ಳಿ. ಮನೆಯವರಿಗೆ, ಮೇಷ್ಟ್ರಿಗೆ ಹೇಳಿ, ಅವರ ಜೊತೆ ಹೋಗಿ ತಹಶೀಲ್ದಾರರ ಕಚೇರಿಗೆ ತಿಳಿಸಿ.

ಮರುದಿನ ಬೆಳಿಗ್ಗೆ ಎದ್ದಾಗ ಮೊಮ್ಮಗಳು ಹಾಸಿಗೆಯಲ್ಲಿರಲಿಲ್ಲ. ಹಿತ್ತಿಲಿನಲ್ಲಿ, ನನ್ನ ಅಪ್ಪ ನೆಟ್ಟ ಸಾಗುವಾನಿ ಮರದ ಕೆಳಗೆ ಕುಳಿತಿದ್ದಳು. ಮುಂಗಾರಿಗೆ ಮುಂಚಿನ ಮಳೆ ಎರಡು ಸಲ ಹುಯ್ದು ಎಳೆ ಚಿಗುರು ಬಂದಿತ್ತು. ಚಿಗುರನ್ನು ಅಂಗೈಯಲ್ಲಿ ಉಜ್ಜಿದರೆ ಗೋರಂಟಿಯಂತೆ ಕೆಂಪಾಗುತ್ತದೆ. ನಾವೆಲ್ಲ ಆಡಿದ ಆಟ ಅದು. ಅವಳ ಎರಡೂ ಅಂಗೈ ಕೆಂಪಾಗಿದ್ದವು. ಮುಂದೆ ಊಟದ ತಟ್ಟೆಯಷ್ಟು ದೊಡ್ಡ ಒಂದು ಎಲೆ ಹರಡಿತ್ತು. ಬಿಡಿಸುತ್ತಿರಲಿಲ್ಲ, ನೋಡುತ್ತಿದ್ದಳು. ನಡುವಿನ ನರ ಎಲ್ಲಿಂದ ಹೊರಡುತ್ತದೆ, ಪಕ್ಕದ ನರಗಳು ಎಷ್ಟು, ಅಂಚು ಎಲ್ಲಿ ಬಾಗುತ್ತದೆ ಎಂದು ಎಣಿಸಿ ಎಣಿಸಿ ನೋಡುತ್ತಿದ್ದಳು. ಮೂರು ದಿನ ಹಾಗೆ ನೋಡಿದ ಮೇಲೆ ಪೆನ್ಸಿಲ್ ಹಿಡಿದಳು.

ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಫೋನ್ ಮಾಡಿದಳು. ಬಹುಮಾನ ಬೇರೆಯವರಿಗೆ ಬಂತಂತೆ. ಅವರ ನಾಣ್ಯಕ್ಕೆ ಬಣ್ಣ ಬಹಳ ಚೆನ್ನಾಗಿತ್ತಂತೆ. ಇವಳದನ್ನು ತರಗತಿಯ ಗೋಡೆಗೆ ಅಂಟಿಸಿದ್ದಾರೆ. ಒಂದು ಮುಖದಲ್ಲಿ ಎರಡು ಕಂಬದ ಹಡಗು, ಕೆಳಗೆ 1817. ಇನ್ನೊಂದು ಮುಖದಲ್ಲಿ ಒಂದೇ ಒಂದು ಎಲೆ.

"ಹಡಗಿನ ನಾಣ್ಯದಲ್ಲಿ ಎಲೆ ಯಾಕೆ ಅಂತ ಎಲ್ಲರೂ ಕೇಳಿದರು ಅಜ್ಜ."

"ಏನು ಹೇಳಿದೆ?"

"ಹಡಗು ಮೊದಲು ಹೀಗಿತ್ತು ಅಂದೆ. ಆಮೇಲೆ ಟೀಚರ್, ಇಷ್ಟು ಸರಿಯಾಗಿ ಹೇಗೆ ಬಿಡಿಸಿದೆ, ಯಾವ ಪುಸ್ತಕದಿಂದ ಅಂತ ಕೇಳಿದರು. ಪುಸ್ತಕದ್ದಲ್ಲ, ಶಿಕಾರಿಪುರದಲ್ಲಿ ನಮ್ಮಜ್ಜನ ಹಿತ್ತಿಲಿನದು ಅಂದೆ."